ಹಳೆಯ ಕ್ವೇಕರ್ ಸಭಾಮಂದಿರದ ಇತಿಹಾಸ: ಯಾವ ಇಸವಿ ನಂಬಬೇಕು?

ತುಮಕೂರು_ನಕ್ಷೆ

ವಾಸ್ತುಶಿಲ್ಪ ವಿಭಾಗದ ಸೆಮಿಸ್ಟರ್ ಪ್ರಬಂಧಕ್ಕೆ ಉತ್ತರ ಇಂಗ್ಲೆಂಡಿನ ಬ್ರಿಗ್‌ಫ್ಲ್ಯಾಟ್ಸ್ ಕ್ವೇಕರ್ ಸಭಾಮಂದಿರ ಆರಿಸಿಕೊಂಡಿದ್ದೇನೆ (ಕ್ವೇಕರರು ಅಂದರೆ ಇಂಗ್ಲೆಂಡಿನ ಅಧಿಕೃತ ಚರ್ಚಿನಿಂದ ಹೊರಗುಳಿದ ಒಂದು ಕ್ರೈಸ್ತ ಪಂಥ). ಕಟ್ಟಿದ್ದು 1675. ಆದರೆ ಪಂಥದ ಸ್ಥಾಪಕ ಜಾರ್ಜ್ ಫಾಕ್ಸ್ ಅಲ್ಲಿಗೆ ಬಂದಿದ್ದು 1652ರಲ್ಲಿ, ಕ್ವೇಕರರ ಆರಾಧನೆಗೆ ಕಾನೂನಿನ ರಕ್ಷಣೆ ಸಿಕ್ಕಿದ್ದು 1689ರಲ್ಲಿ. ನಡುವಿನ ವರ್ಷಗಳಲ್ಲಿ ಕಟ್ಟಡ ಎದ್ದಿದ್ದು ಹೇಗೆ? ಇನ್ನೊಂದು ಗೊಂದಲ: ಕ್ವೇಕರ್ ಕಾಗದಗಳಲ್ಲಿ ‘11ನೇ ತಿಂಗಳು 1674’ ಎಂಬಂಥ ತಾರೀಖು ಬಂದರೆ ನವೆಂಬರ್ ಅಂತ ಓದಬಹುದಾ? ಮಾಳಿಗೆ, ಬೆಂಚು, ಮರದ ಗೋಡೆಗಳ ಕಾಲ ಗುರುತಿಸುವುದು ಹೇಗೆ ಅಂತಲೂ ಹೇಳಿ.

ಕೋಲಾರ_ಶಾಸನ

ನವೆಂಬರ್ ಅಂತ ಓದಿದರೆ ಇಡೀ ಕಾಲಾನುಕ್ರಮ ತಲೆಕೆಳಗಾಗುತ್ತದೆ. 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ವಾರ, ತಿಂಗಳುಗಳ ಹೆಸರುಗಳಲ್ಲಿ ಅನ್ಯದೇವತೆಗಳಿದ್ದಾರೆ ಅಂತ ಕ್ವೇಕರರು ಅಂಕಿಯಲ್ಲೇ ಬರೆಯುತ್ತಿದ್ದರು. ಅವರಿಗೆ ಒಂದನೇ ತಿಂಗಳು ಮಾರ್ಚ್. ಹಾಗಾಗಿ ‘11ನೇ ತಿಂಗಳು 1674’ ಅಂದರೆ ನಮ್ಮ ಲೆಕ್ಕಕ್ಕೆ 1675ರ ಜನವರಿ. 12ನೇದು ಫೆಬ್ರವರಿ, ಅದಕ್ಕೂ ಇಸವಿ ಒಂದು ಹೆಚ್ಚಿಸಬೇಕು. 2ರಿಂದ 10ನೇ ತಿಂಗಳವರೆಗೆ, ಅಂದರೆ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ, ಇಸವಿ ಹಾಗೇ ಇರಲಿ.

ಎಡವುವುದು ಮಾರ್ಚ್‌ನಲ್ಲಿ. ತಿಂಗಳು ಪೂರ್ತಿ ‘ಒಂದನೇದು’, ಆದರೆ 24ರವರೆಗೆ ಹಳೆಯ ಇಸವಿ. ಬರೆದವರು 1674/75 ಅಂತ ಎರಡೂ ಹಾಕಿದ್ದರೆ ಸರಿ. ಹಾಕಿಲ್ಲದಿದ್ದರೆ ಪುಸ್ತಕದಲ್ಲಿ ಹಿಂದಿನ, ಮುಂದಿನ ಸಭೆಯ ತಾರೀಖು ನೋಡಿಯೇ ತೀರ್ಮಾನಿಸಬೇಕು. 1752ರಿಂದ ಜನವರಿಯೇ ಒಂದನೇ ತಿಂಗಳು. ಆ ಸೆಪ್ಟೆಂಬರ್‌ನಲ್ಲಿ 2ರ ಮರುದಿನ 14. ಪ್ರಬಂಧದಲ್ಲಿ ಮೂಲದ ತಾರೀಖು, ಪರಿವರ್ತಿಸಿದ ತಾರೀಖು ಎರಡನ್ನೂ ಕೊಡಿ.

ಶಾಸನ ಓದುವವರಿಗೆ ಇದು ಹೊಸತೇನಲ್ಲ. ಶಕವರ್ಷಕ್ಕೆ 78 ಕೂಡಿಸುತ್ತೇವೆ, ಜನವರಿ ದಾಟಿದ ಮಾಘ, ಫಾಲ್ಗುಣಕ್ಕೆ 79.

ಇನ್ನು 1675. ಕಾನೂನು ಬರಲಿ ಅಂತ ಕ್ವೇಕರರು ಕಾಯಲಿಲ್ಲ, ಅಷ್ಟೇ. ಹರ್ಟ್‌ಫರ್ಡ್‌ನ ಮಂದಿರ 1670ರದು, ಅದೇ ವರ್ಷ ಅಧಿಕೃತ ಚರ್ಚಿನ ಹೊರಗಿನ ಆರಾಧನಾ ಸಭೆಗಳನ್ನು ನಿಷೇಧಿಸುವ ಎರಡನೇ ಕನ್ವೆಂಟಿಕಲ್ ಕಾಯ್ದೆಯೂ ಬಂತು. ಸಭೆಗೆ ಜಾಗ ಕೊಟ್ಟವನಿಗೆ 20 ಪೌಂಡ್ ದಂಡ, ಕೂತವರಿಗೆ ಮೊದಲ ಸಲ 5 ಶಿಲಿಂಗ್, ಮತ್ತೆ ಸಿಕ್ಕಿದರೆ 10. ದಂಡದ ಮೂರನೇ ಒಂದು ಪಾಲು ಚಾಡಿ ಹೇಳಿದವರಿಗೆ! ದಂಡ, ಜಪ್ತಿ, ಸೆರೆವಾಸ ಎಲ್ಲವನ್ನೂ ಕ್ವೇಕರರು ಹೆಸರು ಸಮೇತ ಬರೆದಿಟ್ಟರು. ಮಂದಿರ ಏಳುವ ಮೊದಲು ಯಾರ ಮನೆ, ಯಾರ ಕಣಜದಲ್ಲಿ ಸೇರುತ್ತಿದ್ದರು ಅನ್ನುವುದಕ್ಕೆ ನಡಾವಳಿಗಿಂತ ಈ ದಂಡದ ಪಟ್ಟಿಗಳೇ ಒಳ್ಳೆಯ ಆಧಾರ.

1689ರ ಸಹಿಷ್ಣುತಾ ಕಾಯ್ದೆಯಡಿ ಆರಾಧನೆಯ ಜಾಗವನ್ನು ಬಿಷಪ್, ಆರ್ಚ್‌ಡೀಕನ್ (ಬಿಷಪ್ಪನ ಕೆಳಗಿನ ಚರ್ಚ್ ಅಧಿಕಾರಿ) ಅಥವಾ ತ್ರೈಮಾಸಿಕ ನ್ಯಾಯಾಲಯದಲ್ಲಿ ದಾಖಲಿಸಬೇಕಿತ್ತು. ಸಭೆ ನಡೆಯುವಾಗ ಬಾಗಿಲಿಗೆ ಚಿಲಕ ಹಾಕುವಂತಿರಲಿಲ್ಲ. ಆ ದಾಖಲೆಯ ತಾರೀಖನ್ನೇ ಕಟ್ಟಿದ ತಾರೀಖು ಅಂತ ಬರೆದವರು ಬಹಳ ಮಂದಿ. ನೀವು ಆ ಸಾಲಿಗೆ ಸೇರಬೇಡಿ.

ಚಿಂತಾಮಣಿ_ಗಾರೆ

ಕಾಗದ ಎಲ್ಲಿ ಹುಡುಕಬೇಕು ಅನ್ನುವುದನ್ನೂ ಸೇರಿಸುತ್ತೇನೆ. ಬ್ರಿಗ್‌ಫ್ಲ್ಯಾಟ್ಸ್ ಇರುವ ಸೆಡ್‌ಬರ್ಗ್ ಪ್ರದೇಶ 1974ರವರೆಗೆ ಯಾರ್ಕ್‌ಷೈರ್‌ನ ವೆಸ್ಟ್ ರೈಡಿಂಗ್, ಆಮೇಲೆ ಕಂಬ್ರಿಯಾ. ಎರಡೂ ಕಡೆಯ ದಾಖಲೆ ಪಟ್ಟಿ ನೋಡಿ. ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ನಮ್ಮ ಚಿಂತಾಮಣಿಯ ಶಾಸನ ಬೇಕಾದರೂ ಬಿ. ಎಲ್. ರೈಸ್ ಅವರ 1905ರ ಕೋಲಾರ ಶಾಸನ ಸಂಪುಟವನ್ನೇ ತೆರೆಯುತ್ತೇವಲ್ಲ, ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಹುಟ್ಟು, ಮದುವೆ, ಸಾವಿನ ಹಳೆಯ ವಹಿಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲಾಲಯದ ಆರ್‌ಜಿ 6 ಸರಣಿಯಲ್ಲಿವೆ. ಅವುಗಳ ಸಾರಸೂಚಿ ಲಂಡನ್ನಿನದೇ ಯೂಸ್ಟನ್‌ನ ಫ್ರೆಂಡ್ಸ್ ಹೌಸ್ ಗ್ರಂಥಾಲಯದಲ್ಲಿದೆ (ಫ್ರೆಂಡ್ಸ್ ಅಂದರೆ ಕ್ವೇಕರರೇ). ಜಮೀನಿನ ಪತ್ರಗಳಲ್ಲಿ ‘ಕ್ವೇಕರ್’ ಅಂತ ಹುಡುಕಿದರೆ ಏನೂ ಸಿಗದೆ ಹೋಗಬಹುದು, ಏಕೆಂದರೆ ಆಸ್ತಿ ಇರುತ್ತಿದ್ದುದು ಟ್ರಸ್ಟಿಗಳ ಸ್ವಂತ ಹೆಸರಲ್ಲಿ. ಅವರು ತೀರಿಕೊಂಡಂತೆ ಹೊಸಬರ ಹೆಸರಿಗೆ ಹೊಸ ಪತ್ರ. ಆ ಸರಪಳಿ ಹಿಡಿದೇ ಹಿಂದಕ್ಕೆ ಹೋಗಬೇಕು.

ಕಟ್ಟಡದ ಒಳಗೆ: ಬೋಧನೆಯ ಪೀಠ, ಬಲಿಪೀಠ, ದೀಕ್ಷಾಸ್ನಾನದ ಕುಂಡ ಯಾವುದೂ ಇರುವುದಿಲ್ಲ. ಒಂದು ಗೋಡೆಗೆ ಒತ್ತಿ, ಜನರಿಗೆ ಎದುರಾಗಿ ಮೆಟ್ಟಿಲು ಎತ್ತರದ ಬೆಂಚು. ಅದು ಬೋಧಕರದು, ಹಿರಿಯರದು. ವ್ಯವಹಾರದ ಸಭೆ ಗಂಡಸರು, ಹೆಂಗಸರು ಬೇರೆ ಬೇರೆ ನಡೆಸುತ್ತಿದ್ದರಿಂದ ಅನೇಕ ಮಂದಿರಗಳಲ್ಲಿ ನಡುವೆ ಎತ್ತಿ ಇಳಿಸುವ ಅಥವಾ ಕೀಲಿನ ಮೇಲೆ ಮಡಚುವ ಮರದ ತಡಿಕೆ. ಅದನ್ನು ಆಮೇಲೆ ಕಿತ್ತಿದ್ದರೂ ಗುರುತು ಉಳಿಯುತ್ತದೆ. ತೊಲೆಯ ಅಡಿಭಾಗದಲ್ಲಿ ತಡಿಕೆ ಜಾರಲು ಕೊರೆದ ತೋಡು, ರಾಟೆ ಕೂರಿಸಿದ ತೂತು, ಕೀಲಿನ ಗಾಯ, ನೆಲಹಾಸು ದಿಕ್ಕು ಬದಲಿಸುವ ಗೆರೆ, ಇವಿಷ್ಟನ್ನು ನಕ್ಷೆಯಲ್ಲಿ ಗುರುತಿಸಿ.

ಬ್ರಿಗ್‌ಫ್ಲ್ಯಾಟ್ಸ್‌ನ ಮಾಳಿಗೆ ಮೂಲ ಕಟ್ಟಡದ್ದಲ್ಲ, ನಂತರ ಸೇರಿದ್ದು. ಇಂಥ ಕಡೆ ಮಾಳಿಗೆಯ ನೆಲ ಕಿಟಕಿಯನ್ನು ಅಡ್ಡ ಕತ್ತರಿಸುತ್ತದೆಯೇ, ಕಂಬ ಹಳೆಯ ಹಲಗೆಹೊದಿಕೆಯ ಮೇಲೆ ಕೂತಿದೆಯೇ ನೋಡಬೇಕು. ಮೆಟ್ಟಿಲ ಬುಡದಲ್ಲಿರುವ ಕುರಿನಾಯಿಗಳ ಕಟಾಂಜನ ಬಿಡಬೇಡಿ, ಸಭೆಗೆ ಬಂದವರಲ್ಲಿ ಕುರಿಗಾಹಿಗಳಿದ್ದರು ಅಂತ ಅದೇ ಹೇಳುತ್ತದೆ. ಓಕ್ ತೊಲೆಯ ವಾರ್ಷಿಕ ಬೆಳವಣಿಗೆಯ ಬಳೆ ಎಣಿಸಿ ಕಾಲ ತೆಗೆದ ವರದಿ ಸಿಕ್ಕರೆ ಒಂದು ಎಚ್ಚರ: ಅದು ಮರ ಕಡಿದ ವರ್ಷ. ಹಳೆಯ ಕಣಜದ ತೊಲೆಯನ್ನೇ ತಂದು ಹಾಕಿದ್ದರೆ ಕಟ್ಟಡ ಸುಳ್ಳು ವಯಸ್ಸು ಹೇಳುತ್ತದೆ. ಇನ್ನೊಂದು ಮರ ಕೂರಿಸಲು ಕೊರೆದು ಈಗ ಖಾಲಿ ಬಿದ್ದ ಕುಳಿ, ಅರ್ಥವಿಲ್ಲದ ಗೂಟದ ತೂತು ಕಂಡರೆ ಅನುಮಾನಿಸಿ.

ತುಮಕೂರು_ನಕ್ಷೆ

ಸಮಾಧಿಕಲ್ಲುಗಳಿಂದ ಕಾಲ ತೆಗೆಯಬಹುದಾ? ಫೋಟೋಗಳಲ್ಲಿ ಎಲ್ಲ ಒಂದೇ ಥರ, ಗಿಡ್ಡಗೆ ಕಾಣುತ್ತವೆ.

ಕೋಲಾರ_ಶಾಸನ

ಆಗುವುದಿಲ್ಲ. ಸಮಾಧಿಕಲ್ಲು ಬೇಡ, ಇದ್ದರೆ ತೆಗೆಯಿರಿ ಅಂತ 1717ರಲ್ಲಿ ಕ್ವೇಕರರ ವಾರ್ಷಿಕ ಸಭೆಯೇ ಸೂಚಿಸಿತ್ತು. ಸರಳವಾದ, ಏಕರೂಪದ ಕಲ್ಲಿಗೆ ಒಪ್ಪಿಗೆ ಸಿಕ್ಕಿದ್ದು 1850ರಲ್ಲಿ. ಜೋರ್ಡನ್ಸ್ ಎಂಬ ಇಂಗ್ಲಿಷ್ ಹಳ್ಳಿಯ ಕ್ವೇಕರ್ ಸ್ಮಶಾನದಲ್ಲಿ ಪೆನ್ಸಿಲ್ವೇನಿಯ ಸ್ಥಾಪಿಸಿದ ಕ್ವೇಕರ್ ವಿಲಿಯಂ ಪೆನ್‌ನ ಕಲ್ಲು ಕೂಡ ಅವನು 1718ರಲ್ಲಿ ತೀರಿಕೊಂಡು ಎಷ್ಟೋ ಕಾಲದ ಮೇಲೆ ಇಟ್ಟದ್ದು. ಮಣ್ಣು ಮಾಡಿದವರ ಹೆಸರು, ದಿನಕ್ಕೆ ವಹಿ ನೋಡಿ. ಅಲ್ಲೂ ಆ ಮಾರ್ಚ್ ತಿಂಗಳ ಲೆಕ್ಕ ಮರೆಯಬೇಡಿ.