ಒಳಸ್ಟೇ ಎಷ್ಟು ಬಿಗಿದರೂ ಸಣ್ಣ ಜಿಬ್ ಜೋತು ಬೀಳ್ತದೆ, ಸಹಾಯ ಬೇಕು

ಸಂಪಾಜೆ_ಗಾಳಿ, ಮಡಿಕೇರಿ
ತಲೆ ಕೆಟ್ಟು ಹೋಗಿದೆ. ನನ್ನ ಹಾಯಿ ಬೋಟಿಗೆ ಒಳಸ್ಟೇ (ಕಂಬದಿಂದ ಮುಂದಿನ ಡೆಕ್‌ಗೆ ಇಳಿಯೋ ಎರಡನೇ ತಂತಿ) ಹಾಕಿ ಸಣ್ಣ ಜಿಬ್ (ಮುಂದಿನ ಹಾಯಿ) ಏರಿಸಿದರೆ 20 ನಾಟ್ ಗಾಳಿಗೆ ಹಾಯಿಯ ಮುಂದಿನ ಅಂಚು ಜೋತು ಬೀಳ್ತದೆ, ಬೋಟ್ ಗಾಳಿಗೆದುರು ಏರೋದೇ ಇಲ್ಲ. ತಂತಿ ಬಿಗಿಯೋ ಟರ್ನ್‌ಬಕಲ್ ಕೊನೆವರೆಗೂ ತಿರುಗಿಸಿ ಆಯ್ತು. ತಂತಿ, ಫಿಟ್ಟಿಂಗ್ ಎಲ್ಲ ಹೊಸದು. ಬೋಟ್ ಇರೋದು ಮಂಗಳೂರಲ್ಲಿ. ಪ್ರತಿ ಸಲ ಘಾಟಿ ಇಳಿದು ಹೋಗಿ ಹಾಗೇ ವಾಪಸ್ ಬರೋದು ಸಾಕಾಗಿದೆ.

ಗೋಣಿಕೊಪ್ಪ_ಹಗ್ಗ
ರನ್ನಿಂಗ್ ಬ್ಯಾಕ್‌ಸ್ಟೇ (ರನ್ನರ್, ಕಂಬವನ್ನು ಹಿಂದಕ್ಕೆ ಎಳೆದು ಹಿಡಿಯೋ ಹಗ್ಗ) ಇಲ್ಲ, ಅಷ್ಟೇ. ಒಳಸ್ಟೇ ಕಂಬದ ನಡುವನ್ನು ಮುಂದಕ್ಕೆಳೀತದೆ, ಹಿಂದಿನಿಂದ ಹಿಡಿಯೋಕೆ ಏನೂ ಇಲ್ಲ. ಮೆಣಸು ಕೊಯ್ಯೋ ಒಂಟಿ ಏಣಿಗೆ ಹಿಂದಿನ ಹಗ್ಗ ಕಟ್ಟದೇ ಹತ್ತಿದ ಹಾಗೆ. 6 ಎಂಎಂ ಡೈನೀಮಾ (ತುಂಬಾ ಗಟ್ಟಿ ಹಗ್ಗ), 4:1 ಟ್ಯಾಕಲ್ (ರಾಟೆ ಜೋಡಿ), ಎರಡೂ ಬದಿಗೆ ಹಾಕಿ.

ಹಾರಂಗಿ_ಕೀಲ್, ಕುಶಾಲನಗರ
ಮೊದಲು ಸ್ಟೇಯ ಮೇಲ್ತುದಿ ಎಲ್ಲಿದೆ ಹೇಳಿ. ಮಾಸ್ಟ್ (ಕಂಬ) ತುದಿಗೆ ತೀರಾ ಹತ್ತಿರ ಕಟ್ಟಿದ ಸೋಲೆಂಟ್ ಆದ್ರೆ ರನ್ನರ್ ಬೇಕಾಗಿಲ್ಲ, ತುದಿಯಿಂದ ಹಿಂದಕ್ಕೆ ಇರೋ ಬ್ಯಾಕ್‌ಸ್ಟೇಯೇ ಹಿಡೀತದೆ.

ಸಂಪಾಜೆ_ಗಾಳಿ
28 ಅಡಿ, ಮಾಸ್ಟ್‌ಹೆಡ್ ರಿಗ್ (ಫೋರ್‌ಸ್ಟೇ, ಅಂದ್ರೆ ಮುಂದಿನ ಮುಖ್ಯ ತಂತಿ, ಕಂಬದ ತುದಿಗೇ), ಒಂದೇ ಜೊತೆ ಸ್ಪ್ರೆಡರ್ (ಕಂಬದ ಅಡ್ಡ ತೋಳು). ಒಳಸ್ಟೇ ಸಿಕ್ಕಿಸೋ ಟ್ಯಾಂಗ್ ಕಂಬದ ಮೂರನೇ ಎರಡು ಎತ್ತರದಲ್ಲಿ. ಫೋರ್‌ಸ್ಟೇ 6 ಎಂಎಂ, ಇದು 5 ಎಂಎಂ, 1×19 (19 ಎಳೆ ತಂತಿ). ರನ್ನರ್ ಇದೆ, ಬಿಗಿದೇ ನೋಡಿದ್ದು.

ಗೋಣಿಕೊಪ್ಪ_ಹಗ್ಗ
ಹಾಗಾದ್ರೆ ರನ್ನರ್ ಬ್ಲಾಕ್ (ರಾಟೆ) ತೀರಾ ಮುಂದೆ ಕೂತಿರ್ತದೆ, ಕೋನ ಸಾಲದು. ಹಿಂದಕ್ಕೆ ಒಯ್ಯಿರಿ.

ಪೊನ್ನಂಪೇಟೆ_ಟ್ಯಾಕ್
ಈಗಲೂ ತಂತಿ ಯಾಕೆ ಮಾರಾಯ್ರೆ? ನಮ್ಮದು 7 ಎಂಎಂ ಡೈನೀಮಾ, ಮೆತ್ತನೆ ಹ್ಯಾಂಕ್ (ಹಾಯಿಯನ್ನು ಸ್ಟೇಗೆ ಸಿಕ್ಕಿಸೋ ಕೊಂಡಿ), ಬಿಗಿಯೋಕೆ ಹೈಫೀಲ್ಡ್ ಲಿವರ್. ಕೆಲಸ ಮುಗಿದ್ರೆ ಬಿಚ್ಚಿ ಶ್ರೌಡ್ (ಕಂಬದ ಪಕ್ಕದ ತಂತಿ) ಬುಡಕ್ಕೆ ಕಟ್ಟಿದ್ರಾಯ್ತು, ಸದ್ದೇ ಇಲ್ಲ.

ಗೋಣಿಕೊಪ್ಪ_ಹಗ್ಗ
ಅದು ಭಾರ ಬಿದ್ದಷ್ಟು ದಿನ ನಿಧಾನಕ್ಕೆ ಹಿಗ್ತದೆ. ಕಂಚಿನ ಹ್ಯಾಂಕ್ ಹಾಕಿದ್ರೆ ಉಜ್ಜಿ ನೂಲು ಎದ್ದು ಬರ್ತದೆ.

ಪೊನ್ನಂಪೇಟೆ_ಟ್ಯಾಕ್
ಮೆತ್ತನೆ ಹ್ಯಾಂಕ್ ಅಂತ ಬರೆದಿದ್ದೀನಲ್ಲ, ಓದಿ.

ಸಂಪಾಜೆ_ಗಾಳಿ
ವಿಷಯಕ್ಕೆ ಬನ್ನಿ. ಸ್ಟೇ ಬಿಗಿದಾಗ ಮುಂದಿನ ಹ್ಯಾಚ್‌ನ ಚಿಲಕ ಬೀಳೋದಿಲ್ಲ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಹಾರಂಗಿ_ಕೀಲ್
ಅಣ್ಣ, ಇದನ್ನೇ ಮೊದಲು ಬರೀಬೇಕಿತ್ತು! ನಿಮ್ಮ ಡೆಕ್ ಮೇಲೇಳ್ತಿದೆ. ನೀವು ತಿರುಗಿಸಿದಷ್ಟೂ ತಂತಿ ಬಿಗಿಯಾಗೋ ಬದಲು ಡೆಕ್ಕೇ ಉಬ್ಬಿದೆ. ಪ್ಯಾಡ್‌ಐ (ಸ್ಟೇ ಸಿಕ್ಕಿಸೋ ಡೆಕ್ ಕೊಂಡಿ) ಪಕ್ಕದಲ್ಲಿ ಡೆಕ್‌ಗೆ ಅಡ್ಡಲಾಗಿ, ಎರಡೂ ಅಂಚಿನಲ್ಲಿ ಮರದ ತುಂಡು ಕೊಟ್ಟು ಅದರ ಮೇಲೆ ನೇರವಾದ ಪಟ್ಟಿ ಇಟ್ಟು, ಬಿಗಿಯೋ ಮುಂಚೆ ಆಮೇಲೆ ಸಂದು ಅಳೆಯಿರಿ. 2–3 ಎಂಎಂ ವ್ಯತ್ಯಾಸ ಬಂದ್ರೂ ಅದೇ. ಪ್ಯಾಡ್‌ಐ ಕೆಳಗಡೆ ಏನು ಕೊಟ್ಟಿದ್ದೀರಿ?

ಸಂಪಾಜೆ_ಗಾಳಿ
ನಾಲ್ಕು 8 ಎಂಎಂ ಬೋಲ್ಟು, 12 ಎಂಎಂ ಪ್ಲೈ ಹಲಗೆ. ಡೆಕ್ ಬಾಲ್ಸಾ ಕೋರ್ (ಪದರಗಳ ನಡುವೆ ಹಗುರ ಮರ).

ಹಾರಂಗಿ_ಕೀಲ್
ಹಲಗೆ ಭಾರವನ್ನು ಹರಡ್ತದೆ, ಹಲ್‌ಗೆ (ಬೋಟಿನ ಒಡಲಿಗೆ) ದಾಟಿಸೋದಿಲ್ಲ. ಆ 5 ಎಂಎಂ ತಂತಿ ಸುಮಾರು 2 ಟನ್ ತಡೀತದೆ, ಡೆಕ್ ಅದರ ಹತ್ತಿರಕ್ಕೂ ಬರೋದಿಲ್ಲ. ಪ್ಯಾಡ್‌ಐ ಅಡಿಯಿಂದ ಒಂದು ಟೈ ರಾಡ್ ಬೇಕು. ಸ್ಟೇ ಬರೋ ಗೆರೆಯಲ್ಲೇ ಮುಂದಕ್ಕೆ, ಕೆಳಕ್ಕೆ ಹೋಗಿ ಸ್ಟೆಮ್‌ಗೆ (ಬೋಟಿನ ಮುಂದಿನ ಚೂಪು ಅಂಚಿಗೆ) ಫೈಬರ್‌ಗ್ಲಾಸ್ ಹಾಕಿ ಕೂರಿಸಿದ ಪ್ಲೇಟಿಗೆ ಸೇರಬೇಕು, ನಡುವೆ ಒಂದು ಟರ್ನ್‌ಬಕಲ್. ನೆಟ್ಟಗೆ ಕೆಳಕ್ಕೆ ಇಳಿಸಿದ್ರೆ ಪ್ಯಾಡ್‌ಐ ಹಿಂದಕ್ಕೆ ಜಗ್ಗಿ ನೀರು ಸೋರ್ತದೆ. ಮೊದಲು ರಾಡ್ ಬಿಗಿ, ಆಮೇಲೆ ಸ್ಟೇ.
ಬೋಲ್ಟ್ ಬಿಚ್ಚಿದಾಗ ಕೋರ್ ಒದ್ದೆ ಇದೆಯಾ ನೋಡಿ. ಒಣಗಿದ್ರೆ ರಂಧ್ರ 16 ಎಂಎಂ ಮಾಡಿ, ಸಿಲಿಕಾ ಬೆರೆಸಿದ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರೊಳಗೆ 8 ಎಂಎಂ ಕೊರೆಯಿರಿ. ಇಲ್ಲದಿದ್ರೆ ಬೋಲ್ಟ್ ಬಿಗಿದಂತೆ ಬಾಲ್ಸಾ ನುಜ್ಜುಗುಜ್ಜಾಗ್ತದೆ.

ಗೋಣಿಕೊಪ್ಪ_ಹಗ್ಗ
ರಾಡ್ ಹಾಕಿದ್ರೂ ರನ್ನರ್ ಕೋನ ನೋಡದೇ ಬಿಡಬೇಡಿ.

ಸಂಪಾಜೆ_ಗಾಳಿ
ಕಾಫಿ ಪಲ್ಪರ್ ರಿಪೇರಿ ಮಾಡೋ ಲೇತ್ ಅಂಗಡಿಯಲ್ಲಿ 10 ಎಂಎಂ ಸ್ಟೇನ್‌ಲೆಸ್ ರಾಡ್ ಇದೆ, ಥ್ರೆಡ್ ಹಾಕಿ ಕೊಡ್ತಾರಂತೆ. ನಡೀತದಾ?

ಹಾರಂಗಿ_ಕೀಲ್
ದಪ್ಪ ಸಾಕು. ಆದ್ರೆ ದರ್ಜೆ ಕೇಳಿ, 304 ಆದ್ರೆ ಬೇಡ, ಉಪ್ಪುನೀರಿಗೆ ಚುಕ್ಕಿ ಚುಕ್ಕಿಯಾಗಿ ತುಕ್ಕು ಕೊರೀತದೆ. 316 ಬೇಕು. ಆಯಸ್ಕಾಂತ ಹಿಡಿದು ನೋಡಿದ್ರೆ ಎರಡರ ವ್ಯತ್ಯಾಸ ಗೊತ್ತಾಗೋದಿಲ್ಲ, ಬಿಲ್ಲಿನಲ್ಲಿ ಬರೆಸ್ಕೊಳ್ಳಿ.

ಪೊನ್ನಂಪೇಟೆ_ಟ್ಯಾಕ್
ಜಿಬ್ ಶೀಟ್‌ಗೆ (ಹಾಯಿ ಎಳೆಯೋ ಹಗ್ಗಕ್ಕೆ) ಒಳಗಡೆ ಬೇರೆ ಟ್ರ್ಯಾಕ್ ಹಾಕಿದ್ದೀರಾ, ಹಳೇದರಲ್ಲೇ ಎಳೀತೀರಾ?