ಬಡಾವಣೆ ಪಾರ್ಕ್ ಜಾಗ ಉಳಿಸ್ಕೊಳ್ಳೋಕೆ ಸಂಘ ರಿಜಿಸ್ಟರ್ ಮಾಡ್ಲೇಬೇಕಾ?

ಹೊಂಗೆನೆರಳು, ಮೈಸೂರು

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ನಮ್ಮ ಬಡಾವಣೆ ಮಧ್ಯದಲ್ಲಿ ಸುಮಾರು ಮುಕ್ಕಾಲು ಎಕರೆ ಖಾಲಿ ಜಾಗ ಇದೆ, ಪಾರ್ಕಿಗೆ ಬಿಟ್ಟಿರೋದು ಅಂತ ಹಳಬರು ಹೇಳ್ತಾರೆ. ನಾವು ಮನೆ ಕಟ್ಕೊಂಡು ಬಂದಾಗ ಎದೆಮಟ್ಟ ಕಾಂಗ್ರೆಸ್ ಗಿಡ, ಅದ್ರ ಮಧ್ಯೆ ಯಾರೋ ಸುರಿದು ಹೋದ ಇಟ್ಟಿಗೆ ಚೂರು, ಒಡೆದ ಕಮೋಡು, ಹಳೇ ಹಾಸಿಗೆ. ಕೊರೊನಾ ಟೈಮಲ್ಲಿ ಮನೇಲಿ ಕೂತು ಕೂತು ತಲೆ ಕೆಟ್ಟು ನಾವು ನಾಲ್ಕೈದು ಜನ ಒಂದು ಭಾನುವಾರ ಬೆಳಿಗ್ಗೆ ಕುಡುಗೋಲು ಹಿಡ್ಕೊಂಡು ಇಳಿದ್ವಿ, ಅಲ್ಲಿಂದ ಶುರು. ಈಗ ಹೊಂಗೆ, ನೇರಳೆ, ಬೇವು ಎಲ್ಲಾ ಸೇರಿ 60 ಗಿಡ ನಿಂತಿವೆ, ಮಧ್ಯ ಬಯಲು ಹಾಗೇ ಬಿಟ್ಟಿದೀವಿ, ಹುಡುಗ್ರು ಕ್ರಿಕೆಟ್ ಆಡ್ತಾರೆ. ಮೊದಲ ಎರಡು ಬೇಸಿಗೆ ಸ್ಕೂಟರ್ ಮುಂದೆ 20 ಲೀಟರ್ ಕ್ಯಾನ್ ಇಟ್ಕೊಂಡು ಟ್ರಿಪ್ ಹೊಡೆದಿದೀನಿ, ಗಾಡಿ ಮ್ಯಾಟ್ ಕಿತ್ತು ಹೋಗಿರೋದೇ ಅದಕ್ಕೆ ಸಾಕ್ಷಿ.

ಈಗ ಸಮಸ್ಯೆಗೆ ಬರ್ತೀನಿ. ಗಿಡದ ಖರ್ಚಿಗೆ ಅಂತ ಮನೆಮನೆಯಿಂದ ಎತ್ತೋ ದುಡ್ಡೆಲ್ಲಾ ನನ್ನ ಸೇವಿಂಗ್ಸ್ ಅಕೌಂಟಿಗೇ ಬರುತ್ತೆ, ಸದ್ಯ 38 ಸಾವಿರ ಇದೆ. ಹೋದ ತಿಂಗಳು ಗ್ರೂಪಲ್ಲಿ ಒಬ್ರು "ಲೆಕ್ಕ ಒಂಚೂರು ಹಾಕಿದ್ರೆ ಚೆನ್ನಾಗಿತ್ತು" ಅಂತ ಬರೆದ್ರು, ಕೈಮುಗಿಯೋ ಇಮೋಜಿ ಸಮೇತ. ಕೇಳಿದ್ರಲ್ಲಿ ತಪ್ಪೇನಿಲ್ಲ, ಆದ್ರೂ ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಇನ್ನೊಂದು, ಈಶಾನ್ಯ ಮೂಲೇಲಿ ಗಣಪತಿ ಗುಡಿ ಕಟ್ಬೇಕು ಅಂತ ಕೆಲವು ಹಿರಿಯರು ಹೊರಟಿದಾರೆ, ಅದು ಸಾಲ್ದು ಅಂತ ಲೀಡರ್ ಒಬ್ರು ಓಪನ್ ಜಿಮ್ಮು, ಸಮುದಾಯ ಭವನ ಎಲ್ಲಾ ಮಾಡಿಸ್ಕೊಡ್ತೀನಿ ಅಂದಿದಾರೆ. ಬೇಡ ಅಂದ್ರೆ ನಾವು ದೇವರಿಗೂ ವಿರೋಧ, ಅಭಿವೃದ್ಧಿಗೂ ವಿರೋಧ. ಆಮೇಲೆ, ಗ್ರೂಪಲ್ಲಿ 140 ಜನ ಇದಾರೆ, ಭಾನುವಾರ ಬರೋದು ಮೂರು ಜನ, ಅದ್ರಲ್ಲಿ ಒಬ್ಬ ನನ್ನ ಮಗ, ಅವನೂ ಆಮೇಲೆ ಸಿಗೋ ಮಸಾಲೆ ದೋಸೆ ಆಸೆಗೆ.

ಸೊಸೈಟಿ ಮಾಡೋದಾ, ಟ್ರಸ್ಟಾ, ದುಡ್ಡು ಕೊಟ್ಟೋರಿಗೆ ತೆರಿಗೆ ರಿಯಾಯಿತಿ ಸಿಗೋ ಹಾಗೆ 80ಜಿ ತಗೋಬೇಕಾ? ರಿಜಿಸ್ಟರ್ ಆದ್ರೆ ನಮ್ಮ ಮಾತಿಗೆ ತೂಕ ಬರುತ್ತಾ? ಅನುಭವ ಇರೋರು ಹೇಳಿ.

ರಸೀದಿ ಪುಸ್ತಕ, ಬೆಂಗಳೂರು

11 ವರ್ಷ ನಮ್ಮ ಪಾರ್ಕ್ ಸಂಘದ ಖಜಾಂಚಿ ಆಗಿದ್ದೆ, ಹೋದ ವರ್ಷ ಬಿಟ್ಟೆ, ಹಾಗಾಗಿ ನೆಮ್ಮದಿಯಾಗಿ ಬರೀತಿದೀನಿ.

ಸಂಘ ಆಮೇಲೆ ಸರ್. ಮೊದಲು ಆ ಜಾಗ ಕಾಗದದ ಮೇಲೆ ಏನು ಅಂತ ನೋಡಿ. "ಹಳಬರು ಹೇಳ್ತಾರೆ" ಅನ್ನೋದು ಯಾವ ಆಫೀಸಲ್ಲೂ ನಡೆಯಲ್ಲ. ನಿಮ್ಮೂರಿನ ಅಭಿವೃದ್ಧಿ ಪ್ರಾಧಿಕಾರದಲ್ಲಿ ನಿಮ್ಮ ಬಡಾವಣೆಯ ಮಂಜೂರಾದ ಲೇಔಟ್ ಪ್ಲಾನ್ ಇರುತ್ತೆ, ಮಾಹಿತಿ ಹಕ್ಕಲ್ಲಿ ಅದ್ರ ದೃಢೀಕೃತ ನಕಲು ಕೇಳಿ. 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನದಲ್ಲಿ ಉತ್ತರ ಕೊಡ್ಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರ್ಬಾರ್ದು ಅಂತ ನಿಯಮ ಇದೆ, ನಾನು ಮೊದಲನೇ ಸಲ ಪಾರ್ಕಿನ ಪೂರ್ತಿ ಪುರಾಣ ಬರೆದು ಕಳಿಸಿದ್ದೆ, ಹಾಗೇ ವಾಪಸ್ ಬಂತು. ಖಾಸಗಿಯವರು ಮಾಡಿದ ಬಡಾವಣೆ ಆಗಿದ್ರೆ ಇನ್ನೊಂದು ಅರ್ಜಿ ಹಾಕಿ, ಪಾರ್ಕು ರಸ್ತೆ ಎಲ್ಲಾ ಪ್ರಾಧಿಕಾರಕ್ಕೆ ಬಿಟ್ಕೊಟ್ಟಿರೋ ರಿಲಿಂಕ್ವಿಶ್‌ಮೆಂಟ್ ಡೀಡ್ ಆಗಿದೆಯಾ ಅಂತ. ಆಗಿಲ್ದೇ ಇದ್ರೆ ದಾಖಲೆಯಲ್ಲಿ ಅದು ಇನ್ನೂ ಹಳೇ ಮಾಲೀಕರ ಹೆಸರಲ್ಲೇ ಕೂತಿರುತ್ತೆ, ನೀವು ನೀರು ಹಾಕಿ ಬೆಳೆಸಿದ ನೇರಳೆ ಹಣ್ಣು ಬಿಡೋ ಹೊತ್ತಿಗೆ ಅವರ ಮೊಮ್ಮಗ ಬಂದು ಸೈಟ್ ಅಳೀತಿರ್ತಾನೆ.

ಪ್ಲಾನಲ್ಲಿ ಪಾರ್ಕ್ ಅಂತ ಇದ್ರೆ ಮಾತ್ರ ನಿಮ್ಮ ಕೈ ಗಟ್ಟಿ. ಪಾರ್ಕು, ಆಟದ ಮೈದಾನ, ಬಯಲು ಜಾಗ ಕಾಪಾಡೋಕೆ ಅಂತಲೇ ರಾಜ್ಯದಲ್ಲಿ 1985ರ ಕಾಯ್ದೆ ಇದೆ. ಅದಕ್ಕಿಂತ ಹೆಚ್ಚಾಗಿ 1991ರಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು, ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ಕೇಸು, ಅದ್ರ ಪ್ರಿಂಟ್ ಒಂದು ಫೈಲಲ್ಲಿಟ್ಕೊಳ್ಳಿ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಇಟ್ಟಿದ್ದ ಜಾಗಾನ ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ರು, ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದ್ರು. ಆಸ್ಪತ್ರೆನೂ ಜನಕ್ಕೆ ಒಳ್ಳೇದೇ ಅಲ್ವಾ ಅನ್ನೋ ವಾದ ನಿಲ್ಲಲಿಲ್ಲ, ಪಾರ್ಕ್ ಪಾರ್ಕೇ ಅಂತ ಆಯ್ತು. ಪ್ರಶ್ನೆ ಮಾಡೋ ಹಕ್ಕು ಆ ನಿವಾಸಿಗಳಿಗೆ ಇದೆ ಅಂತಾನೂ ಕೋರ್ಟ್ ಒಪ್ತು, ಅಂದ್ರೆ ನೀವು ಬಾಯಿ ಬಿಡೋಕೆ ಸರ್ಟಿಫಿಕೇಟ್ ಬೇಕಿಲ್ಲ. ನನ್ನ ಅನುಭವದಲ್ಲಿ ಬಯಲು ಜಾಗ ಹೋಗೋದು ಕಳ್ಳರಿಂದ ಅಲ್ಲ, ಗುಡಿ, ಜಿಮ್ಮು, ವಾಟರ್ ಟ್ಯಾಂಕು, ಗ್ರಂಥಾಲಯ ಅಂತ ಒಂದೊಂದೇ ಮೂಲೆ ಕೇಳ್ಕೊಂಡು ಬರೋ ಒಳ್ಳೆಯವರಿಂದ.

ದುಡ್ಡಿನ ವಿಷಯ. ಈ ವಾರಾನೇ ಮೂರು ಜನರ ಹೆಸರಲ್ಲಿ ಜಾಯಿಂಟ್ ಅಕೌಂಟ್ ಮಾಡಿ ಅದಕ್ಕೆ ಹಾಕಿ, ನಿಮ್ಮ ಸಂಬಳ ಬರೋ ಖಾತೇಲಿ ಒಂದು ರೂಪಾಯಿನೂ ಬೇಡ. ಲೆಕ್ಕ ಕೇಳಿದೋರನ್ನೇ ಲೆಕ್ಕ ಬರೆಯೋಕೆ ಕೂರಿಸಿ. ನಾನು ಖಜಾಂಚಿ ಆಗಿದ್ದೇ ಹಾಗೆ! ನರ್ಸರಿ ಬಿಲ್ಲು, ಪೈಪಿನ ಬಿಲ್ಲು ಎಲ್ಲಾ ಜೆರಾಕ್ಸ್ ಮಾಡಿಟ್ಕೊಳ್ಳಿ, ಈಗಿನ ಬಿಲ್ ಪೇಪರ್ ಆರು ತಿಂಗಳಿಗೆ ಬೆಳ್ಳಗಾಗುತ್ತೆ, ಆಡಿಟ್ ಟೈಮಲ್ಲಿ ನಾನು ಖಾಲಿ ಚೀಟಿಗಳನ್ನ ಕಿಟಕಿ ಬೆಳಕಿಗೆ ಹಿಡಿದು ಹಿಡಿದು ಓದಿದೀನಿ.

ಅಸಲುಬಡ್ಡಿ, ತುಮಕೂರು

ಲೆಕ್ಕ ಬರೆಯೋದೇ ನನ್ನ ಹೊಟ್ಟೆಪಾಡು, ಅಷ್ಟರ ಮಟ್ಟಿಗೆ ಹೇಳ್ತೀನಿ. 1960ರ ಸಂಘಗಳ ನೋಂದಣಿ ಕಾಯ್ದೇಲಿ ಸೊಸೈಟಿ ಮಾಡೋಕೆ ಕನಿಷ್ಠ ಏಳು ಜನ ಬೇಕು. ಬೈಲಾ ಬೇಕು, ವರ್ಷಕ್ಕೊಂದು ಸರ್ವಸದಸ್ಯರ ಸಭೆ ಆಗ್ಬೇಕು, ಆಡಿಟ್ ಆದ ಲೆಕ್ಕ, ಪದಾಧಿಕಾರಿಗಳ ಪಟ್ಟಿ ನೋಂದಣಾಧಿಕಾರಿಗೆ ಹೋಗ್ಬೇಕು. ಎಲ್ಲರೂ ಮೊದಲ ವರ್ಷ ಉತ್ಸಾಹದಲ್ಲಿ ಮಾಡ್ತಾರೆ, ಮೂರನೇ ವರ್ಷಕ್ಕೆ ಮರೀತಾರೆ, ಆಮೇಲೆ ಯಾವುದೋ ಕೆಲಸಕ್ಕೆ ಸರ್ಟಿಫಿಕೇಟ್ ಬೇಕಾದಾಗ ಹಳೇ ವರ್ಷದ್ದೆಲ್ಲಾ ಒಟ್ಟಿಗೆ ಮಾಡ್ಕೊಡಿ ಅಂತ ನನ್ನ ಹತ್ರ ಓಡಿ ಬರ್ತಾರೆ. ಟ್ರಸ್ಟ್ ಮಾಡೋದು ಸುಲಭ, ಇಬ್ರು ಮೂವರಿದ್ರೂ ಆಗುತ್ತೆ, ಆದ್ರೆ ಚುನಾವಣೆ ಇಲ್ಲ, ಸದಸ್ಯರಿಲ್ಲ, ನಾಳೆ ಬಡಾವಣೆಯವರು "ನಿಮ್ಮನ್ನ ಯಾರು ನೇಮಿಸಿದ್ದು" ಅಂದ್ರೆ ಉತ್ತರ ಇರಲ್ಲ. ಪಾರ್ಕಿನ ಕೆಲಸಕ್ಕೆ ಸೊಸೈಟಿನೇ ಸರಿ ಅಂತ ನನ್ನ ಅಭಿಪ್ರಾಯ.

80ಜಿ ಸದ್ಯಕ್ಕೆ ಮರೆತುಬಿಡಿ. 2,000 ರೂಪಾಯಿ ಮೇಲೆ ನಗದು ಕೊಟ್ರೆ ಅದಕ್ಕೆ ರಿಯಾಯಿತಿ ಸಿಗಲ್ಲ, ಈಗ ಬಹಳಷ್ಟು ಜನ ಹೊಸ ತೆರಿಗೆ ಪದ್ಧತೀಲಿದಾರೆ, ಅಲ್ಲಿ ದಾನಿಗೆ ಆ ರಿಯಾಯಿತಿನೇ ಇಲ್ಲ. ಮನೆಗೆ 300 ರೂಪಾಯಿ ಎತ್ತೋ ಸಂಘಕ್ಕೆ ಅದ್ರ ಫೈಲಿಂಗ್ ಖರ್ಚೇ ಜಾಸ್ತಿ.

ಮಳಿಗಾಲ, ಧಾರವಾಡ

ಎಲ್ಲಾರೂ ಕಾಗದದ ಮಾತು ಹೇಳ್ಯಾರ, ನಾ ಮಂದಿ ಮಾತು ಹೇಳ್ತೀನ್ರಿ.

ನಾವು ನಮ್ಮ ಕಾಲನಿ ಬಯಲಿನಾಗ ಮೊದಲ ವರ್ಷ ಕಂಡಕಂಡಲ್ಲಿ ಸಸಿ ಹಚ್ಚಿದ್ವಿ, ನಡುವ ಪಿಚ್ ಇತ್ತು, ಅದರ ಮ್ಯಾಲೂ ಹಚ್ಚಿದ್ವಿ. ಹುಡುಗ್ರು ಒಂದ ವಾರದಾಗ ಅಷ್ಟೂ ಮುರದು ಒಗದ್ರು. ನಮಗ ಸಿಟ್ಟು ಬಂತು, ಗೇಟಿಗೆ ಕೀಲಿ ಹಾಕಿದ್ವಿ, ಅವ್ರು ಗ್ವಾಡಿ ಜಿಗದು ಬಂದ್ರು. ಮುಂದ ತಿಳೀತು, ತಪ್ಪು ನಮ್ಮದ. ಅವರ ಮೈದಾನ ನಾವು ಕಸಗೊಂಡು ಅದಕ್ಕ ಹಸಿರು ಅಂತ ಹೆಸರಿಟ್ಟಿದ್ವಿ. ನೀವು ನಡುವ ಬಯಲು ಬಿಟ್ಟೀರಿ ಅಂದ್ರಲ್ಲ, ಭಾಳ ಚಲೋ ಮಾಡೀರಿ. ಅಲ್ಲಿ ಟಿಟ್ಟಿಭ ಹಕ್ಕಿ ಬಂದ್ರ ನೆಲದ ಮ್ಯಾಲೇ ತತ್ತಿ ಇಡತಾವ, ಗಿಡ ಇಲ್ಲದ ಬಯಲಿಗೂ ಜೀವ ಇರತೈತಿ.

ಅದ ಹುಡುಗ್ರನ್ನ ಕರದು ಬೌಂಡರಿ ಗೆರಿ ಆಚೆ ಇದ್ದ ಗಿಡಕ್ಕ ನೀರು ಹಾಕೂದು ನಿಮ್ಮ ಪಾಲಿಂದು, ಸ್ಟಂಪ್ ಬ್ಯಾಟಿಗೆ ರೊಕ್ಕ ನಮ್ಮದು ಅಂದ್ವಿ. ಈಗ ಮುಂಜಾನೆ ಎಂಟು ಹತ್ತು ಹುಡುಗ್ರು ಇರತಾರ. ಮೂರು ಮಂದಿ ಅಷ್ಟ ಬರತಾರ ಅಂತ ಬ್ಯಾಸರ ಮಾಡ್ಕೋಬ್ಯಾಡ್ರಿ, ಕಸ ಕೀಳಾಕ ಬರ್ರಿ ಅಂದ್ರ ಯಾರೂ ಬರಂಗಿಲ್ಲ, ಗಿರಮಿಟ್ಟು ಚಹಾ ಐತಿ ಬರ್ರಿ ಅನ್ರಿ.

ಗುಡಿ ಮಾತಿಗೆ ಬಂದ್ರ, ಹಿರಿಯಾರಿಗೆ ಭಾಳ ಸಲ ಗುಡಿ ಬೇಕಾಗಿರಂಗಿಲ್ರಿ, ಸಂಜಿಕೆ ಕೂಡಾಕ ಒಂದು ಕಟ್ಟಿ ಬೇಕಾಗಿರತೈತಿ. ಅದನ್ನ ಕಟ್ಟಿ ಕೊಡ್ರಿ.

ರಸೀದಿ ಪುಸ್ತಕ, ಬೆಂಗಳೂರು

ಮಳಿಗಾಲ ಅವರ ಎಲ್ಲಾ ಮಾತಿಗೂ ಹೌದು, ಕಟ್ಟೆ ಒಂದಕ್ಕೆ ಬಿಟ್ಟು. ನಮ್ಮಲ್ಲಿ ಅರಳಿ ಮರಕ್ಕೆ ಕಟ್ಟೆ ಕಟ್ಟಿದ್ವಿ, ಮುಂದಿನ ವರ್ಷ ಅಲ್ಲೊಂದು ನಾಗರಕಲ್ಲು, ಅದ್ರ ಮುಂದಿನ ವರ್ಷ ಮೇಲೊಂದು ತಗಡಿನ ಶೀಟು, ಈಗ ಗ್ರಿಲ್ಲು ಬೀಗ ಹುಂಡಿ ಎಲ್ಲಾ ಇದೆ. ನಾನೂ ಸಂಕಷ್ಟಿ ದಿನ ಅಲ್ಲೇ ಕೈಮುಗೀತೀನಿ, ಅದು ಬೇರೆ ಮಾತು. ಕೂರೋಕೆ ಬೇಕಾದ್ರೆ ಕಲ್ಲುಬೆಂಚು ಹಾಕ್ಸಿ, ಬಿಡಿಬಿಡಿಯಾಗಿ. ಮರದ ಬುಡಕ್ಕೆ ಸಿಮೆಂಟ್ ಮಾತ್ರ ಮುಟ್ಟಿಸ್ಬೇಡಿ, ಬೇರಿಗೆ ನೀರು ಇಳಿಯಲ್ಲ.

ಹೊಂಗೆನೆರಳು, ಮೈಸೂರು

ಎಲ್ರಿಗೂ ಥ್ಯಾಂಕ್ಸ್, ಒಂದೂವರೆ ತಿಂಗಳಾದ್ಮೇಲೆ ಅಪ್‌ಡೇಟ್ ಕೊಡ್ತಿದೀನಿ. ಅಕೌಂಟ್ ಬೇರೆ ಆಯ್ತು. ಲೆಕ್ಕ ಕೇಳಿದ್ದ ಮೇಡಂ ಅವರೇ ಈಗ ಎಕ್ಸೆಲ್ ಶೀಟ್ ನೋಡ್ಕೋತಿದಾರೆ, ನಾನು ಗುದ್ದಲಿ ಹಿಡಿಗೆ ಕೊಟ್ಟ 180 ರೂಪಾಯಿಗೆ ಬಿಲ್ ಎಲ್ಲಿ ಅಂತ ಮೂರು ಸಲ ಕೇಳಿದಾರೆ.

ಪ್ಲಾನ್ ನಕಲು ಮೊನ್ನೆ ಬಂತು, ಡೈನಿಂಗ್ ಟೇಬಲ್ ಮೇಲೆ ಹಾಸಿ ನಾಲ್ಕು ಮೂಲೆಗೂ ಸ್ಟೀಲ್ ಲೋಟ ಇಟ್ಟು ನೋಡಿದ್ವಿ. ಒಳ್ಳೇ ಸುದ್ದಿ, ಬಯಲು ಮತ್ತು ಪಶ್ಚಿಮದ ಸಾಲು ಪೂರ್ತಿ ಪಾರ್ಕ್ ಅಂತಲೇ ಇದೆ, ರಿಲಿಂಕ್ವಿಶ್‌ಮೆಂಟ್ ಕೂಡ ಆಗಿದೆ. ಕೆಟ್ಟ ಸುದ್ದಿ, ಈಶಾನ್ಯ ಮೂಲೆ, ಅಂದ್ರೆ ಗುಡಿ ಕೇಳ್ತಿರೋ ಜಾಗಾನೇ, ಅದ್ರ ಸುತ್ತ ಬೇರೆ ಗೆರೆ ಎಳೆದು "ಸಿಎ" ಅಂತ ಬರೆದಿದೆ. ಅದ್ರೊಳಗೆ ನಮ್ಮ 18 ಗಿಡ ಇವೆ, ಹೂ ಬಿಡ್ತಿರೋ ಹೊಂಗೆನೂ ಅಲ್ಲೇ. ಇಷ್ಟು ದಿನ ಅದು ಪಾರ್ಕು ಅಂತ ಎದೆ ತಟ್ಕೊಂಡು ಜಗಳ ಆಡಿದ್ನಲ್ಲ ಅಂತ ನಾಚಿಕೆನೂ ಆಯ್ತು.

ಅಸಲುಬಡ್ಡಿ, ತುಮಕೂರು

ಸಿಎ ಅಂದ್ರೆ ನಾಗರಿಕ ಸೌಲಭ್ಯದ ನಿವೇಶನ, ಪಾರ್ಕಿನ ಲೆಕ್ಕ ಅದಕ್ಕೆ ಬರಲ್ಲ. ಶಾಲೆ, ಆಸ್ಪತ್ರೆ, ಅಂಚೆ ಕಚೇರಿ, ಧಾರ್ಮಿಕ ಸಾಂಸ್ಕೃತಿಕ ಕೇಂದ್ರ, ಇಂಥದ್ದಕ್ಕೆ ಪ್ರಾಧಿಕಾರ ಅರ್ಜಿ ಕರೆದು ಗುತ್ತಿಗೆಗೆ ಕೊಡುತ್ತೆ. ಹಾಗಾಗಿ ಹಿರಿಯರ ಆಸೆ ಪೂರ್ತಿ ಕಾನೂನಿಗೆ ಹೊರತೇನಲ್ಲ, ಆದ್ರೆ ಸುಮ್ನೆ ಕಲ್ಲು ನೆಟ್ಟು ಕಟ್ಟೋ ಹಾಗಿಲ್ಲ, ಹಂಚಿಕೆ ಆಗ್ಬೇಕು. ಹಂಚಿಕೆ ಕೇಳೋಕೆ ನೋಂದಣಿ ಆದ ಸಂಸ್ಥೆನೇ ಬೇಕು. ನಿಮ್ಮ ಮೊದಲ ಪ್ರಶ್ನೆಗೆ ಈಗ ಉತ್ತರ ಬದಲಾಯ್ತು, ಸೊಸೈಟಿ ಮಾಡಿ, ಮಾಡಿ ನೀವೇ ಅರ್ಜಿ ಹಾಕಿ, ಇಲ್ಲಾಂದ್ರೆ ಅಲ್ಲಿ ಮರ ನಿಂತಿವೆ ಅಂತ ಫೋಟೋ ಸಮೇತ ಈಗಲೇ ಪ್ರಾಧಿಕಾರಕ್ಕೆ ಬರೆದಿಡಿ, ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ಮರ ಕಡೀಬೇಕಾದ್ರೆ 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಯಾರೇ ಆದ್ರೂ ವೃಕ್ಷಾಧಿಕಾರಿ ಅನುಮತಿ ತಗೋಬೇಕು, ಅದೂ ನೆನಪಿರ್ಲಿ.

ಮಳಿಗಾಲ, ಧಾರವಾಡ

ಗುತ್ತಿಗಿ ರೊಕ್ಕ ಭಾಳ ಆಗತೈತ್ರಿ, ಆ ಹಿರಿಯಾರ ಜೋಡಿ ಒಮ್ಮೆ ಕುಂತು ಮಾತಾಡ್ರಿ. ಅವ್ರದ್ದೂ ಅದ ಮೂಲಿ, ನಿಮ್ಮದೂ ಅದ ಮೂಲಿ.

ಹೊಂಗೆನೆರಳು, ಮೈಸೂರು

ನಿನ್ನೆ ಸಂಜೆ ಮಾತಾಡಿದೆ ಸರ್. ಗುಡಿ ವಿಷಯ ಮುಂದಾಳತ್ವ ವಹಿಸಿರೋ ಯಜಮಾನ್ರ ಮನೆಗೇ ಪ್ಲಾನ್ ಸುತ್ಕೊಂಡು ಹೋದೆ. ಅವರು ರಿಟೈರ್ಡ್ ಸರ್ವೇಯರ್ ಅಂತ ನಂಗೆ ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ. ಕನ್ನಡಕ ಹಣೆಗೇರಿಸಿ ಸ್ಕೇಲ್ ತರಿಸಿ ಅಳೆದು, ನೀವು ಹಾಕಿರೋ ಬೇಲಿ ಎರಡೂವರೆ ಅಡಿ ರಸ್ತೆಗೆ ಹೋಗಿದೆ ನೋಡಿ ಅಂದ್ರು. ಗುಡಿ ಬಗ್ಗೆ ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಸೊಸೈಟಿಗೆ ಆರು ಸಹಿ ಆಗಿದೆ. ಏಳನೇದು ನೀವೇ ಹಾಕಿ ಅಂತ ಅವರನ್ನೇ ಕೇಳಿ ಬಂದಿದೀನಿ. ಅಮಾವಾಸ್ಯೆ ಕಳೀಲಿ ಅಂದ್ರು.