ದೋಣಿಯ ಮೇಲೆ ಗಟ್ಟಿಯಾಗಿ ಕೂತ ಗಡಸು ನೀರಿನ ಕಲೆಗಳು

ಪ್ರಶ್ನೆ: ನಮ್ಮ ಫೈಬರ್‌ಗ್ಲಾಸ್ ದೋಣಿಯ ಕಡುನೀಲಿ ಜೆಲ್‌ಕೋಟ್ (ಹೊರಮೈಯ ಹೊಳಪಿನ ಪದರ) ಮೇಲೆ ಬಿಳಿ ಉಂಗುರಗಳಂತೆ ಕೂತಿರುವ ಕಲೆಗಳು ಸೋಪಿನ ನೀರಿಗೆ ಜಗ್ಗುತ್ತಿಲ್ಲ. ಹೊಳಪು ಕೆಡದಂತೆ ಇವನ್ನು ತೆಗೆಯುವುದು ಹೇಗೆಂದು ದಯವಿಟ್ಟು ತಿಳಿಸಿ.

ಉತ್ತರ 1: ನೀರು ಆರಿದ ಮೇಲೆ ಉಳಿಯುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಆಮ್ಲದಲ್ಲಿ ಕರಗುವುದರಿಂದ, ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಮೆತ್ತನೆಯ ಬಟ್ಟೆಯನ್ನು ಅದರಲ್ಲಿ ಅದ್ದಿ, ನೆರಳಿನಲ್ಲಿ ಕೆಲವು ನಿಮಿಷ ಕಲೆಯ ಮೇಲೆ ಹೊದಿಸಿಡಿ, ಬಟ್ಟೆ ಒಣಗುವ ಮೊದಲೇ ಒರೆಸಿ, ಧಾರಾಳವಾಗಿ ನೀರು ಸುರಿದು ತೊಳೆಯಿರಿ. ಬ್ಲೀಚ್ ಜೊತೆ ಮಾತ್ರ ಎಂದಿಗೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಹುಟ್ಟುತ್ತದೆ.

ಉತ್ತರ 2: ಇದಾದ ಮೇಲೂ ಉಂಗುರದ ಗುರುತು ಉಳಿದಿದ್ದರೆ ಲವಣ ಜೆಲ್‌ಕೋಟನ್ನೇ ಕೊರೆದಿರಬಹುದು, ಆಗ ನಯವಾದ ಪಾಲಿಶಿಂಗ್ ಕಾಂಪೌಂಡ್ (ಉಜ್ಜಿ ಹೊಳಪು ತರುವ ಪೇಸ್ಟ್) ಬೇಕಾಗುತ್ತದೆ. ವಿನೆಗರ್ ಹಳೆಯ ವ್ಯಾಕ್ಸನ್ನೂ ಸವೆಸುವುದರಿಂದ, ಕೊನೆಗೆ ಹೊಸದಾಗಿ ಹಚ್ಚಲೇಬೇಕು.

ಉತ್ತರ 3: ಮುಂದೆ ತೊಳೆದ ಕೂಡಲೇ ಒಣಬಟ್ಟೆಯಿಂದ ಒರೆಸಿಬಿಡಿ, ಹನಿ ತಾನಾಗಿ ಆರಲು ಬಿಟ್ಟರೆ ಕಲೆ ಮತ್ತೆ ಮೂಡುತ್ತದೆ.